ಪುಟದೊಳಗಿನ ದಾರ

ಎಲ್ಲರೂ ಅಕ್ಕ ಎಂದು ಕರೆಯುತ್ತಿದ್ದವಳು ತೀರಿಹೋದ ಸುದ್ದಿ ಬಡಾವಣೆಗೆ ತಿಳಿದದ್ದು ಕ್ಲಿನಿಕ್ಕಿನ ಪುಸ್ತಕದ ಕಪಾಟಿನಿಂದ. ಬೆಳಿಗ್ಗೆ ಒಂಬತ್ತಾದರೂ ಅದರ ಬೀಗ ತೆರೆದಿರಲಿಲ್ಲ. ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಹನ್ನೊಂದು ವರ್ಷ, ಒಂದು ದಿನವೂ ತಪ್ಪದೆ ಆಕೆ ಅಲ್ಲಿ ಕುಳಿತು ಬಂದವರಿಗೆ ಆರೋಗ್ಯದ ಪುಸ್ತಕಗಳನ್ನು ಓದಲು ಕೊಡುತ್ತಿದ್ದಳು. ಬೀಗ ಕಂಡವರು ಮನೆಗೆ ಓಡಿಬಂದಾಗ ಅವಳ ಗಂಡ, ದರ್ಜಿ, ಬಾಗಿಲಲ್ಲೇ ಕಲ್ಲಿನಂತೆ ಕುಳಿತಿದ್ದ. ನಿದ್ದೆಯಲ್ಲೇ ಅವಳ ಉಸಿರು ನಿಂತಿತ್ತು.

ತಿಂಗಳು ಕಳೆಯಿತು. ಲಸಿಕೆಯ ಫ್ರಿಜ್ಜಿಗೆ ಜಾಗ ಬೇಕು, ಕಪಾಟು ಖಾಲಿ ಮಾಡಿಕೊಡಿ ಎಂದು ಡಾಕ್ಟರಮ್ಮ ಹೇಳಿಕಳಿಸಿದರು. ಹಳೆಯ ಕಾಗದ ತಾನೆ, ರದ್ದಿಗೆ ಹಾಕಿದರಾಯಿತು ಎಂದುಕೊಂಡು ದರ್ಜಿ ಎರಡು ಗೋಣಿಚೀಲ ಹಿಡಿದು ಹೋದ.

ಮೊದಲ ಪುಸ್ತಕ ಎತ್ತಿದರೆ ನಡುವಿನಿಂದ ನೀಲಿ ದಾರ ಇಣುಕಿತು. ಎರಡನೆಯದರಲ್ಲಿ ಹಳದಿ, ಮೂರನೆಯದರಲ್ಲಿ ಕೆಂಪು. ಎಲ್ಲವೂ ಅವನ ಹೊಲಿಗೆ ಯಂತ್ರದ ಕೆಳಗೆ ಬಿದ್ದ ತುಂಡುಗಳು. ಸಂಜೆ ಆಕೆ ಅವನ್ನು ಆಯುವಾಗ, "ಗುಬ್ಬಿ ಹಾಗೆ ಗೂಡು ಕಟ್ತೀಯೇನೇ?" ಎಂದು ಹಂಗಿಸುತ್ತಿದ್ದ. "ಹೂಂ, ಕಟ್ತೀನಿ. ನಿಮಗೆ ಮಾತ್ರ ಜಾಗ ಕೊಡಲ್ಲ," ಎನ್ನುತ್ತಿದ್ದಳು.

ಅಷ್ಟರಲ್ಲಿ ಬಸ್ ಕಂಡಕ್ಟರ್ ಹೆಂಗಸೊಬ್ಬಳು ಪುಸ್ತಕ ಹಿಂತಿರುಗಿಸಲು ಬಂದಳು. ದರ್ಜಿ ದಾರ ಎಳೆಯುವುದನ್ನು ಕಂಡು ಕೈ ತಡೆದಳು.

"ತೆಗೀಬೇಡಿ ಅಜ್ಜ. ಎದೇಲಿ ಗಂಟಾಗಿತ್ತು ನನಗೆ. ನಾಚಿಕೆ, ಯಾರಿಗೂ ಹೇಳಿರಲಿಲ್ಲ. ಎದೆಗೆ ತಾಗಿದ್ರೆ ನೋವು ಅಂತ ಟಿಕೆಟ್ ಚೀಲ ಎಡಗಡೆಯಿಂದ ಬಲಗಡೆಗೆ ಹಾಕ್ಕೊಂಡಿದ್ದೆ, ಅಷ್ಟೇ. ಅಕ್ಕ ಅದನ್ನ ನೋಡಿದ್ರು. ಏನೂ ಕೇಳಲಿಲ್ಲ. ಎದೆ ಗಂಟಿನ ವಿಷಯ ಇರೋ ಪುಟದಲ್ಲಿ ದಾರ ಇಟ್ಟು ಪುಸ್ತಕ ಕೊಟ್ರು. ಓದಿ ಮಾರನೇ ದಿನಾನೇ ಡಾಕ್ಟರಮ್ಮನ ಹತ್ರ ಹೋದೆ. ಅದಕ್ಕೇ ಇವತ್ತು ನಿಮ್ಮೆದುರು ನಿಂತಿದೀನಿ."

ದರ್ಜಿ ದಾರ ಬಿಟ್ಟು ಕಪಾಟಿನತ್ತ ತಿರುಗಿದ. ಕಪಾಟಿನ ತುಂಬ ದಾರಗಳು. ಒಂದೊಂದರ ಹಿಂದೆ ಒಂದೊಂದು ಜೀವ. ತಾನು ಗುಡಿಸಿ ಎಸೆಯುವ ಕಸವನ್ನು ಹಿಡಿದು ಇವಳು ಇಷ್ಟು ಜನರನ್ನು ದಡ ಸೇರಿಸಿದಳೆ?

ಕೆಳಗಿನ ಸಾಲಿನಲ್ಲಿ ಅವನಿಗೆ ಗುರುತು ಸಿಕ್ಕ ಪುಸ್ತಕವೊಂದಿತ್ತು. ಊಟದ ತಟ್ಟೆಯ ಪಕ್ಕ ಆಕೆ ಇಟ್ಟಾಗ, ನನಗೇನು ರೋಗ ಎಂದು ಅವನೇ ಆಚೆ ತಳ್ಳಿದ್ದು. ಕಪ್ಪು ದಾರವಿದ್ದ ಪುಟ ತೆರೆದ: ಕಾಲಿನಲ್ಲಿ ವಾಸಿಯಾಗದ ಹುಣ್ಣು. ಎರಡು ತಿಂಗಳು ಅವಳಿಂದ ಮರೆಮಾಚಿ ಕಾಲುಚೀಲದೊಳಗೆ ಬಚ್ಚಿಟ್ಟಿದ್ದ ಹುಣ್ಣು ಚುರುಗುಟ್ಟಿತು. ಅವಳಿಗೆ ಗೊತ್ತಿತ್ತು.

ಗೋಣಿಚೀಲ ಮಡಿಚಿ ಡಾಕ್ಟರಮ್ಮನ ಮುಂದೆ ಕುಳಿತು ಕಾಲುಚೀಲ ಕಳಚಿದ.

"ಇದನ್ನ ನೋಡಿ ತಾಯಿ. ಕಪಾಟು ಅಲ್ಲೇ ಇರಲಿ, ನಾನು ಕೂತ್ಕೋತೀನಿ. ಅವಳ ಕಣ್ಣು ನನಗಿಲ್ಲ. ದಾರ ಮಾತ್ರ ಬೇಕಾದಷ್ಟಿದೆ."

ಹುಣ್ಣು ತೊಳೆಯುತ್ತಲೇ ಡಾಕ್ಟರಮ್ಮ, ಫ್ರಿಜ್ಜು ತಮ್ಮ ಕೋಣೆಯ ಗೋಡೆಗೊರಗಿಯೇ ನಿಲ್ಲಲಿ ಎಂದರು.

ಸಂಜೆ ಕಪಾಟಿಗೆ ಬೀಗ ಹಾಕಿ ದರ್ಜಿ ಕೈಮುಗಿದ. ದೇವರೇ, ಎಲ್ಲರ ನೋವನ್ನು ಕೇಳದೆಯೇ ಕಂಡವಳು ನಿನ್ನ ಬಳಿ ಬಂದಿದ್ದಾಳೆ. ಅವಳ ನೋವನ್ನು ನಾನು ಕಾಣದೆ ಹೋದೆ, ನೀನು ಕಾಣು. ಅವಳ ಆತ್ಮಕ್ಕೆ ಶಾಂತಿ ಕೊಡು.