ಬಳೆಗಾರನ ಕಿವಿ

ಗಂಗಾವತಿ ಪೇಟೆಯಲ್ಲಿ ಬಳೆಗಾರ ಅಂದಪ್ಪನ ಕಿವಿ ಎಂದರೆ ಹೆಸರುವಾಸಿ. ಹೀಗೆಂದು ಹೆಚ್ಚಾಗಿ ನಾನೇ ಹೇಳಿಕೊಳ್ಳುತ್ತಿದ್ದೆ. ಬೇರೆಯವರು ಹೇಳುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ.

ಗಾಜಿನ ಬಳೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಕಣ್ಣಿಗೆ ಕಾಣುವುದಿಲ್ಲ, ದನಿಯಲ್ಲಿ ಸಿಕ್ಕಿಬೀಳುತ್ತದೆ. ಗಟ್ಟಿ ಬಳೆ ಇನ್ನೊಂದಕ್ಕೆ ತಾಗಿದರೆ ‘ಕಿಣ್’ ಎನ್ನುತ್ತದೆ. ಬಿರುಕು ಬಿಟ್ಟದ್ದು ‘ಟಕ್’ ಎಂದು ಸುಮ್ಮನಾಗುತ್ತದೆ. ಸಾಲು ಬಳೆಗಳನ್ನು ಬೆರಳಿಗೆ ಏರಿಸಿ ಒಮ್ಮೆ ಅಲುಗಿಸಿದರೆ ಸಾಕು, ಅದರೊಳಗಿನ ಕಳ್ಳ ಬಳೆಯನ್ನು ಎತ್ತಿ ಆಚೆ ಇಡುತ್ತಿದ್ದೆ. ನಮ್ಮಪ್ಪ ನನಗೆ ಕಲಿಸಿದ ವಿದ್ಯೆ ಅದೊಂದೇ. ಅದೊಂದರ ಮೇಲೆಯೇ ನಾನು ಮೂರು ವಿದ್ಯೆ ಬಲ್ಲವನ ಗತ್ತಿನಿಂದ ಓಡಾಡುತ್ತಿದ್ದೆ. ಅಂಗಡಿಯಲ್ಲಿ ತಲೆ ಬಗ್ಗಿಸಿ ಕುಳಿತೇ, ಬೀದಿಯಲ್ಲಿ ಹೋಗುವ ಹೆಣ್ಣುಮಗಳು ಯಾರ ಮನೆಯವಳು ಎಂದು ಬಳೆಯ ಸಪ್ಪಳದಿಂದ ಹೇಳುತ್ತೇನೆ ಎಂದೂ ಕೊಚ್ಚಿಕೊಂಡಿದ್ದೆ. ಅರ್ಧ ನಿಜ. ಉಳಿದರ್ಧಕ್ಕೆ ಓರೆಗಣ್ಣಿನಿಂದ ನೋಡುತ್ತಿದ್ದೆ.

ಎರಡನೇ ಮಹಾಯುದ್ಧ ನಡೆದಿದ್ದ ಕಾಲ. ನಾನು ಅರವತ್ತರ ಹೊಸ್ತಿಲಲ್ಲಿದ್ದೆ. ಒಂದು ಬೇಸಿಗೆಯಲ್ಲಿ ಬಳೆಗಳ ದನಿ ಕೆಟ್ಟಿತು. ಮೊದಲು ಒಂದೆರಡು ಸಾಲು ಬೊಡ್ಡಾಗಿ ಕೇಳಿದವು. ಆಮೇಲೆ ಪೆಟ್ಟಿಗೆ ಪೆಟ್ಟಿಗೆಯೇ ಹಾಗೆ ಬರತೊಡಗಿತು. ಹಸಿರು, ಕೆಂಪು, ಚಿಕ್ಕಿ ಬಳೆ, ಯಾವುದನ್ನು ಅಲುಗಿಸಿದರೂ ಒಣ ಕಡ್ಡಿ ಅಲುಗಿಸಿದ ಹಾಗೆ. ನನಗೆ ತಕ್ಷಣ ಕಾರಣ ಹೊಳೆಯಿತು. ಕಾರಣ ಹೊಳೆಯುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

“ಯುದ್ಧದಾಗ ಒಳ್ಳೆ ಗಾಜೆಲ್ಲ ವಿಮಾನಕ್ಕ ಹೋಗ್ತೈತ್ರಿ,” ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. “ನಮಗ ಉಳದಿದ್ದು ಬೂದಿ ಕಲಿಸಿದ ಗಾಜು.”

ಕೇಳಿದವರು ತಲೆಯಾಡಿಸಿದರು. ಸಕ್ಕರೆ, ಸೀಮೆಎಣ್ಣೆ, ಅರಿವೆ ಎಲ್ಲದಕ್ಕೂ ಯುದ್ಧವೇ ಕಾರಣವಾಗಿದ್ದಾಗ ಬಳೆಗೆ ಯಾಕಾಗಬಾರದು? ಹುರುಪು ಬಂದು ನಾನು ಇನ್ನಷ್ಟು ಸೇರಿಸಿದೆ. ಗುಬ್ಬಿಗಳು ಮೊದಲಿನಂತೆ ಕೂಗುತ್ತಿಲ್ಲ, ಜೀರುಂಡೆಗಳು ಊರು ಬಿಟ್ಟಿವೆ, ಸೊಳ್ಳೆಗಳು ಸಹ ಹಾಡದೆ ಸುಮ್ಮನೆ ಬಂದು ಕಚ್ಚಿ ಹೋಗುತ್ತವೆ ಎಂದೆ. ಲೋಕದ ದನಿಯೆಲ್ಲ ಸತ್ತಿತೆಂದು ನಂಬುವುದು ನನಗೆ ಸುಲಭವಾಗಿತ್ತು. ನನ್ನ ಕಿವಿಯ ಮೇಲೆ ಅನುಮಾನ ಬರಲು ಎಡೆಯೇ ಇರಲಿಲ್ಲ. ಎತ್ತಿನ ಗಾಡಿ ಕೇಳುತ್ತಿತ್ತು, ಹಲಗೆಯ ಬಡಿತ ಕೇಳುತ್ತಿತ್ತು, ಎದುರಿನ ಕಿರಾಣಿ ಅಂಗಡಿಯ ಹೊನ್ನೂರಪ್ಪ ನನ್ನನ್ನು ಆಡಿಕೊಳ್ಳುವುದೂ ಕೇಳುತ್ತಿತ್ತು. ಇಷ್ಟೆಲ್ಲ ಕೇಳುವವನು ಕಿವುಡ ಹೇಗಾಗುತ್ತಾನೆ?

ಕೊಪ್ಪಳದ ಸಗಟು ವ್ಯಾಪಾರಿಯ ಕಡೆಯಿಂದ ನಮಗೆ ಮಾಲು ತರುತ್ತಿದ್ದವನು ತಿಮ್ಮಣ್ಣ. ತಾಳ್ಮೆಯ ಮನುಷ್ಯ. ಅವನು ತಂದ ಪೆಟ್ಟಿಗೆಗಳನ್ನು ನಾನು ಒಂದಾದ ಮೇಲೊಂದು ವಾಪಸು ಕಳಿಸಿದೆ.

“ಅಂದಪ್ಪಣ್ಣಾರ, ಇದ ಮಾಲು ಕನಕಗಿರಿ ಸಂತ್ಯಾಗ ಒಪ್ಪೊತ್ತಿನ್ಯಾಗ ಖಾಲಿ ಆತ್ರಿ,” ಎಂದು ಅವನು ಗೋಗರೆದ.

“ಕನಕಗಿರ್ಯಾಗ ಕಿವಿ ಇದ್ದವರು ಇಲ್ಲ ಬಿಡು,” ಎಂದೆ.

ಅಂಗಡಿಯಲ್ಲಿ ಬಳೆ ತೂಗುಹಾಕುವ ಗೂಟಗಳು ಬರಿದಾಗುತ್ತ ಬಂದವು. ಅದು ನನ್ನ ಕಟ್ಟುನಿಟ್ಟಿಗೆ ಸಾಕ್ಷಿ ಎಂದು ಬೀಗಿದೆ.

ಮನೆಯಲ್ಲಿ ನಡೆದದ್ದು ಇದಕ್ಕಿಂತ ಕೆಟ್ಟದ್ದು. ನಮ್ಮ ಮನೆ ಅಂಗಡಿಯ ಬೆನ್ನಿಗೇ ಇತ್ತು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆ. ನನ್ನ ಹೆಂಡತಿ ಶೇಖರಮ್ಮ ಹಿಂದಿನಿಂದ ಬಂದು ತಟ್ಟೆಗೆ ರೊಟ್ಟಿ ಹಾಕಿದಳು. ಅವಳು ಬಂದದ್ದೇ ನನಗೆ ತಿಳಿಯಲಿಲ್ಲ, ಬೆಚ್ಚಿಬಿದ್ದೆ. ಮದುವೆಯಾದಂದಿನಿಂದ ಅವಳು ಎಲ್ಲಿದ್ದಾಳೆ, ಸಿಟ್ಟಿನಲ್ಲಿದ್ದಾಳೋ ಇಲ್ಲವೋ ಎಂಬುದನ್ನೆಲ್ಲ ಅವಳ ಕೈಬಳೆಯೇ ನನಗೆ ಹೇಳುತ್ತಿತ್ತು. ಈಗ ಸಪ್ಪಳವೇ ಇಲ್ಲ.

ಕೈ ಕಡೆ ನೋಡದೆ ಕೇಳಿಬಿಟ್ಟೆ: “ಯಾಕ, ಬಳಿ ತಗದಿಟ್ಟೀ ಏನು?”

ಗಂಡ ಬದುಕಿರುವಾಗ ಯಾವ ಹೆಣ್ಣುಮಗಳಿಗೂ ಕೇಳಬಾರದ ಮಾತು ಅದು. ಬಳೆಗಾರನಾಗಿ ನಾನೇ ಕೇಳಿದ್ದೆ. ಶೇಖರಮ್ಮ ರೊಟ್ಟಿಯ ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು. ಎರಡೂ ಕೈ ನನ್ನ ಮೂಗಿನ ಮುಂದೆ ಹಿಡಿದಳು. ಮೊಳಕೈ ತನಕ ಹಸಿರು ಬಳೆ.

“ನೀವು ಇನ್ನೂ ಕುಂತು ರೊಟ್ಟಿ ತಿನ್ನಾಕತ್ತೀರಿ, ನಾ ಯಾಕ ಬಳಿ ತಗೀಲಿ? ನಿಮಗ ಸಾಯೋ ಅವಸರ ಆಗೇತೇನು?”

“ಹಂಗಲ್ಲ, ಸಪ್ಪಳ ಕೇಳಲಿಲ್ಲ…”

“ಸಪ್ಪಳ ಬೇಕಾ ನಿಮಗ?” ಎಂದವಳೇ ಬುಟ್ಟಿಯನ್ನು ಮುಚ್ಚಿ, ಎತ್ತಿಕೊಂಡು ಒಳಗೆ ಹೋದಳು. ಅಂದು ಒಂದೇ ರೊಟ್ಟಿಯಲ್ಲಿ ಊಟ ಮುಗಿಯಿತು. ಅವಳು ತೊಟ್ಟ ಬಳೆಯೂ ಯುದ್ಧದ ಗಾಜೇ ಇರಬೇಕು ಎಂದುಕೊಂಡು ನೀರು ಕುಡಿದೆ. ಆ ಬಳೆ ಯುದ್ಧಕ್ಕೆ ಮುಂಚೆ ನಾನೇ ತೊಡಿಸಿದ್ದು ಎಂಬುದು ಕೈತೊಳೆಯುವಾಗ ನೆನಪಾಯಿತು. ನೆನಪಾದದ್ದನ್ನು ಅಲ್ಲಿಯೇ ಮರೆತೆ.

ಇನ್ನೊಂದು ದಿನ ಪಂಪಾವತಿ ಎಂಬ ಹುಡುಗಿ ಅಂಗಡಿಗೆ ಬಂದಳು. ತೆಳ್ಳನೆಯ ಕೈ, ತೆಳ್ಳನೆಯ ದನಿ. ಬಂದವಳೇ ಏನೋ ಕೇಳಿದಳು. ‘ಅಣ್ಣ ಅದಾನೇನ್ರಿ?’ ಎಂದು ಕೇಳಿದಂತಾಯಿತು.

“ಅದಾನವ್ವಾ. ಯಲಬುರ್ಗ್ಯಾಗ ಅದಾನ,” ಎಂದೆ. ನಮ್ಮಣ್ಣ ದೊಡ್ಡಬಸಪ್ಪನನ್ನು ಈ ಎಳೆಯ ಹುಡುಗಿ ವಿಚಾರಿಸಿದ್ದು ನೋಡಿ ಖುಷಿಯಾಯಿತು. “ಮೊಳಕಾಲು ನೋವು ಬಿಟ್ಟರ ಆರಾಮ ಅದಾನ. ಹಲ್ಲು ಅಷ್ಟ ಇಲ್ಲ.”

ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟಳು. ತನ್ನ ಮಣಿಕಟ್ಟು ತೋರಿಸಿ ಮತ್ತೊಮ್ಮೆ ಅದನ್ನೇ ಕೇಳಿದಳು. ನಾನು ದೊಡ್ಡಬಸಪ್ಪನ ಮೊಳಕಾಲಿಗೆ ಕಟ್ಟುವ ಸೊಪ್ಪಿನ ಹೆಸರು ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಓಡಿಹೋದಳು. ಎದುರಿನಿಂದ ಹೊನ್ನೂರಪ್ಪ ತನ್ನ ಗಡಸು ದನಿಯಲ್ಲಿ ಕೂಗಿದ: “ಅಂದಪ್ಪಾ, ಆ ಹುಡಿಗಿ ‘ಸಣ್ಣ ಅದಾವೇನ್ರಿ’ ಅಂತ ಕೇಳಿದ್ಲೋ! ಸಣ್ಣ ಬಳಿ!”

“ಈಗಿನ ಹುಡಿಗ್ಯಾರು ಬಾಯಾಗ ಬಾಯಾಗ ಮಾತಾಡ್ತಾರ,” ಎಂದೆ. ಆದರೆ ಅವತ್ತು ಅಂಗಡಿಯನ್ನು ಹೊತ್ತಿಗೆ ಮುಂಚೆ ಮುಚ್ಚಿದೆ.

ಕೊನೆಗೆ ಗುಟ್ಟು ಒಡೆದದ್ದು ಜೋಹರಾಬಿಯ ಮಗಳ ಮದುವೆಯ ನೆಪದಲ್ಲಿ. ಜೋಹರಾಬಿ ನಮ್ಮ ಓಣಿಯ ಹಿಂದಿನ ಓಣಿಯವರು, ಮೊದಲಿನಿಂದಲೂ ನಮ್ಮಲ್ಲೇ ಬಳೆ ತೊಡಿಸಿಕೊಂಡವರು. ಮಗಳು ಜೈನಾಬೀಯ ಮದುವೆಗೆ ಮನೆಯ ಹೆಣ್ಣುಮಕ್ಕಳಿಗೆಲ್ಲ ಬಳೆ ಬೇಕಿತ್ತು. ತಿಮ್ಮಣ್ಣ ಅದಕ್ಕೆಂದೇ ಹೊಸ ಪೆಟ್ಟಿಗೆ ತಂದಿದ್ದ. ಜೋಹರಾಬಿ ಎದುರಿಗೆ ಕುಳಿತಿದ್ದರು. ಪೆಟ್ಟಿಗೆಯ ಹುಲ್ಲು ಸರಿಸಿ ಒಂದು ಸಾಲು ಎತ್ತಿದೆ, ಅಲುಗಿಸಿದೆ. ಟಕ್. ಇನ್ನೊಂದು. ಟಕ್.

“ಎಲ್ಲಾ ಬಿರುಕು. ತಗೊಂಡು ಹೋಗು ತಿಮ್ಮಣ್ಣಾ.”

“ಯಾ ಅಲ್ಲಾ!” ಎಂದರು ಜೋಹರಾಬಿ. “ಅಂದಪ್ಪಣ್ಣಾ, ಎಷ್ಟು ಛಲೋ ದನಿ ಬರಾಕತ್ತೈತಿ! ಶಾದಿಗೆ ಎಂಟ ದಿನ ಐತಿ, ವಾಪಸ್ ಕಳಸ್ತೀಯಾ?”

“ಜೋಹರಾಬಿ, ಬಳಿಗಾರಗ ಬಳಿ ದನಿ ಕಲಿಸಬ್ಯಾಡ್ರಿ. ಮದುಮಗಳ ಕೈಯಾಗ ಬಳಿ ಒಡದರ ನನ್ನ ಇಜ್ಜತ್ ಏನಾಗಬೇಕು?”

ತಿಮ್ಮಣ್ಣನ ತಾಳ್ಮೆ ಅವತ್ತಿಗೆ ಮುಗಿದಿತ್ತು. “ಹಂಗಾದ್ರ ಪರೀಕ್ಷಾ ಆಗಲಿ ಬಿಡ್ರಿ. ನೀವು ಬೀದಿ ಕಡೆ ಮುಖ ಮಾಡಿ ಕುಂಡ್ರಿ. ಹಿಂದ ಯಾರಾದ್ರೂ ನಿಂತು ಬಳಿ ಅಲುಗಸ್ಲಿ. ಒಂದು ಸಾಲು ಇದು, ಒಂದು ಸಾಲು ಒಡಕು ಸೇರಿಸಿದ್ದು. ಯಾವುದು ಒಡಕು ಅಂತ ಹೇಳ್ರಿ.”

“ಹೇಳ್ತೀನಿ!” ಎಂದೆ. ಬಳೆ ಅಲುಗಿಸಲು ಶೇಖರಮ್ಮನನ್ನು ನಾನೇ ಕರೆದೆ. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಬೀದಿಯ ಕಡೆ ತಿರುಗಿ, ಮೀಸೆ ನೀವಿಕೊಂಡು ಕುಳಿತೆ. ಹೊನ್ನೂರಪ್ಪ ತಕ್ಕಡಿ ಬಿಟ್ಟು ಅಂಗಳಕ್ಕೆ ಬಂದು ನಿಂತ.

ಹಿಂದೆ ಸಪ್ಪಳವಾಯಿತು. “ಒಡಕು,” ಎಂದೆ. ಮತ್ತೆ ಆಯಿತು. “ಅದೂ ಒಡಕು.” ಮತ್ತೆ. “ಒಡಕು! ನಾ ಹೇಳಲಿಲ್ಲಾ, ಎಲ್ಲಾ ಒಡಕು.”

ಆಮೇಲೆ ಏನೂ ಕೇಳಲಿಲ್ಲ. ಕಾದೆ. ಹೊನ್ನೂರಪ್ಪ ನನ್ನನ್ನೇ ನೋಡುತ್ತಿದ್ದ. ಅವನ ಮುಖದಲ್ಲಿದ್ದ ನಗು ಸ್ವಲ್ಪ ಸ್ವಲ್ಪವೇ ಇಳಿಯಿತು. ನಾನು ಮೀಸೆಯಿಂದ ಕೈ ತೆಗೆದೆ.

“ಅಲುಗಸು, ಯಾಕ ನಿಂತಿ?” ಎಂದೆ.

ತಿರುಗಿದೆ. ಶೇಖರಮ್ಮ ನನ್ನ ತಲೆಯ ಹಿಂದೆಯೇ ನಿಂತಿದ್ದಳು. ಸಣ್ಣ ಚಿಕ್ಕಿ ಬಳೆಯ ಸಾಲು ಅವಳ ಬೆರಳಿನಲ್ಲಿ ಇನ್ನೂ ಕುಣಿಯುತ್ತಿತ್ತು. ಅಲುಗಿಸುತ್ತಲೇ ಇದ್ದಳು. ಅವಳ ಕಣ್ಣಲ್ಲಿ ನೀರಿತ್ತು.

“ಆಗಿಂದ ಅಲಗಸಾಕತ್ತೀನ್ರಿ,” ಎಂದಳು.

ಯಾರೂ ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ಜೋಹರಾಬಿ ಮೆಲ್ಲಗೆ, ಆದರೆ ನನಗೆ ಕೇಳುವಂತೆ, ಹೇಳಿದರು: “ಅಂದಪ್ಪಣ್ಣಾ, ವಯಸ್ಸು. ನನಗ ಈಗ ಸೂಜಿಗೆ ದಾರ ಪೋಣಸಾಕ ಬರಂಗಿಲ್ಲ. ಸೂಜಿ ಮ್ಯಾಲ ಸಿಟ್ಟಾದರ ಏನು ಬಂತು?”

ಅಂದು ಸಂಜೆ ವೈದ್ಯರ ಬಳಿ ಹೋದೆ. ಅವರು ನನ್ನ ಕಿವಿಯೊಳಗೆ ಬಗ್ಗಿ ನೋಡಿ, “ದಪ್ಪ ಸಪ್ಪಳ ಉಳದಾವು, ಸಣ್ಣವು ಹೋಗ್ಯಾವು. ಇದಕ ವಯಸ್ಸು ಅಂತಾರ, ಎಣ್ಣಿ ಇಲ್ಲ,” ಎಂದರು. ನಾನು ಬಿಡಲಿಲ್ಲ. ಹಟ ಹಿಡಿದು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಮಾಡಿಸಿಕೊಂಡೆ. ಕಿವಿ ಹಾಗೇ ಉಳಿಯಿತು. ಆ ವಾಸನೆಗೆ ಅಂಗಡಿಗೆ ಬಂದವರು ಮಾರು ದೂರ ಕುಳಿತು ಮಾತಾಡಿದರು, ಇದ್ದದ್ದೂ ಕೇಳದಾಯಿತು.

ಕೊನೆಗೆ ಬೇಸತ್ತು ಆ ಎಣ್ಣೆಯನ್ನು ಚೆಲ್ಲಿದ ದಿನ ಶೇಖರಮ್ಮ ಅಂಗಡಿಗೆ ಬಂದು ನನ್ನ ಪಕ್ಕದಲ್ಲಿ ಕುಳಿತಳು.

“ಹೆಣ್ಣುಮಗಳು ಪೇಟ್ಯಾಗ ಕುಂತರ ಮಂದಿ ಏನಂದಾರು?” ಎಂದೆ.

“ಏನರ ಅನ್ನಲಿ. ನಿಮಗಂತೂ ಕೇಳಂಗಿಲ್ಲ,” ಎಂದಳು.

ಬಳೆಯ ಪೆಟ್ಟಿಗೆಯನ್ನು ಅವಳ ಮುಂದೆ ಸರಿಸಿದೆ. ಅವಳು ಬಳೆ ಅಲುಗಿಸಿ ಕೇಳಿ ಆರಿಸಿದಳು, ನಾನು ತೊಡಿಸಿದೆ. ತಿಮ್ಮಣ್ಣನ ಪೆಟ್ಟಿಗೆಯಲ್ಲಿ ಅವಳಿಗೆ ಸಿಕ್ಕ ಒಡಕು ಬಳೆ ಬೆರಳೆಣಿಕೆಯಷ್ಟೇ. ಅವನ ಮುಖ ನೋಡಲು ನಾಚಿಕೆಯಾಗಿ ಚಹಾ ತರಿಸಿದೆ. ಅವನು ಕುಡಿದ, ಏನೂ ಅನ್ನಲಿಲ್ಲ. ಅಂದಿದ್ದರೂ ಮೆಲ್ಲಗೆ ಅಂದಿರಬೇಕು. ಕೆಲವೇ ದಿನಗಳಲ್ಲಿ ಹೆಂಗಸರು ನನ್ನನ್ನು ದಾಟಿ ಅವಳ ಜೊತೆಯೇ ಮಾತಾಡತೊಡಗಿದರು. ನನ್ನೆದುರು ಎಂದೂ ಆಡದಷ್ಟು ಮಾತುಗಳು ಅಂಗಡಿಯಲ್ಲಿ ಹರಿದಾಡಿದವು. ಹಾಗೆಂದು ಅವರ ನಗು ನೋಡಿ ತಿಳಿದುಕೊಂಡೆ.

ಜೋಹರಾಬಿಯ ಮನೆಗೆ ಇಬ್ಬರೂ ಹೋದೆವು. ಮೊದಲಾಗಿದ್ದರೆ ಪರದೆಯ ಆಚೆಯಿಂದ ಚಾಚಿದ ಕೈಗಳಿಗೆ ನಾನು ಬಳೆ ಏರಿಸಬೇಕಿತ್ತು. ಶೇಖರಮ್ಮ ಪರದೆ ಸರಿಸಿಕೊಂಡು ನೇರವಾಗಿ ಒಳಗೇ ಹೋದಳು. ನಾನು ಗಂಡಸರ ಜೊತೆ ಅಂಗಳದ ಚಾಪೆಯ ಮೇಲೆ ಕುಳಿತೆ. ಬಳೆಗಾರನಾಗಿ ಹುಟ್ಟಿದ ಮೇಲೆ ಮದುವೆಮನೆಯಲ್ಲಿ ಕೈಕಟ್ಟಿ ಕುಳಿತದ್ದು ಅದೇ ಮೊದಲು. ಕುಷ್ಟಗಿಯಿಂದ ಬಂದ ಬೀಗರು ಬಳೆಯ ಬಗ್ಗೆ ಕೇಳಿದರು. ದನಿ ಕೇಳಿ ಒಡಕು ಹಿಡಿಯುವುದು ಹೇಗೆಂದು ಅವರಿಗೆ ದೀರ್ಘವಾಗಿ ವಿವರಿಸಿದೆ. ಯಾರ ಕಿವಿ ಎಂದು ಮಾತ್ರ ಹೇಳಲಿಲ್ಲ.

ಅಷ್ಟರಲ್ಲಿ ಶೇಖರಮ್ಮ ಬಾಗಿಲಿಗೆ ಬಂದು ನನಗೆ ಏನೋ ಹೇಳಿದಳು. ಒಳಗೆ ಹೆಂಗಸರು ಹಾಡು ಶುರು ಮಾಡಿದ್ದರು. ಅವಳ ತುಟಿ ಆಡಿದ್ದಷ್ಟೇ ಕಂಡಿತು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಗೌರವ ಉಳಿಸಿಕೊಳ್ಳಲು ಗಟ್ಟಿಯಾಗಿ “ಹೂಂ, ಆಗಲಿ,” ಎಂದೆ. ಬೀಗರು ಸಂತೋಷದಿಂದ ನನ್ನ ಕೈ ಹಿಡಿದರು.

ಮನೆಗೆ ಬರುವಾಗ ದಾರಿಯಲ್ಲಿ ಕೇಳಿದೆ: “ಅಲ್ಲೆ ಬಾಗಲಾಗ ಏನಂದಿ?”

ಶೇಖರಮ್ಮ ನಿಂತಳು. ನನ್ನ ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತು ಬಿಡಿಸಿ ಹೇಳಿದಳು: “ಬರೋ ವಾರ ಕುಷ್ಟಗ್ಯಾಗ ಆ ಬೀಗರ ತಮ್ಮನ ಮಗಳ ಶಾದಿ ಐತಿ. ಬಳಿ ತೊಡಸಾಕ ನಮ್ಮನ್ನ ಕರದಾರ. ಎತ್ತಿನ ಗಾಡ್ಯಾಗ ಹೋಗಬೇಕು. ನಾಲ್ಕು ದಿನ ಅಂಗಡಿ ಮುಚ್ಚಬೇಕು. ನೀವು ಹೂಂ ಅಂದ್ರಿ.”

“ನಾ ಅಂದೆ?”

“ಅಂದ್ರಿ. ಬೀಗರೆಲ್ಲ ಕೇಳ್ಯಾರ.”

ಮುಂದಿನ ವಾರ, ಕುಷ್ಟಗಿ ದಾರಿಯ ಬಿಸಿಲಲ್ಲಿ, ಗಾಡಿಯ ಹಿಂದುಗಡೆ, ಬಳೆಯ ಪೆಟ್ಟಿಗೆ ಕುಲುಕದಂತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಶೇಖರಮ್ಮ ಮುಂದೆ ಕುಳಿತು ಗಾಡಿ ಹೊಡೆಯುವವನ ಜೊತೆ ಊರ ಸುದ್ದಿ ಮಾತಾಡುತ್ತಿದ್ದಳು. ನಡುನಡುವೆ ತಿರುಗಿ ನನ್ನನ್ನೂ ಏನೋ ಕೇಳಿದಳು. ನಾನು ಈ ಸಲ ಹೂಂ ಅನ್ನಲಿಲ್ಲ. ಪೆಟ್ಟಿಗೆ ಪಕ್ಕಕ್ಕಿಟ್ಟು, ಮೊಣಕಾಲೂರಿ ಮುಂದಕ್ಕೆ ಸರಿದು, ಅವಳ ಬಾಯಿಯ ಹತ್ತಿರ ಕಿವಿ ಹಿಡಿದು ಕೇಳಿದೆ. ನೀರು ಬೇಕೇನು ಅನ್ನುತ್ತಿದ್ದಳು. ಬೇಕು ಎಂದೆ.