ಹಗ್ಗದಾಚೆಯ ಮೇಷ್ಟ್ರು

ಹಿಮಕ್ಕೆ ತನ್ನ ಗುರುತಿದೆ ಎಂದು ನಮ್ಮಪ್ಪ ಆನ್ಸೆಲ್ಮ್‌ನ ನಂಬಿಕೆ. ಬೇರೆಯವರ ಮೇಲೆ ಕುಸಿಯುವ ಹಿಮ ಅವನನ್ನು ಕಂಡರೆ ಪಕ್ಕಕ್ಕೆ ಸರಿದು, ‘ಬನ್ನಿ ಮೇಷ್ಟ್ರೇ’ ಎಂದು ದಾರಿ ಬಿಡುತ್ತದಂತೆ. ಹುಟ್ಟಿದ್ದು ಇದೇ ಕಣಿವೆಯಲ್ಲಿ, ನಡೆಯುವ ಮೊದಲು ಜಾರಿದ್ದು ಇದೇ ಇಳಿಜಾರಿನಲ್ಲಿ, ಅರ್ಧ ಪ್ಯಾರಿಸ್‌ಗೆ ಸ್ಕೀ ಕಲಿಸಿದ್ದು ತಾನೇ ಎನ್ನುತ್ತಾನೆ. ಉಳಿದರ್ಧ ಪ್ಯಾರಿಸ್ ಬೇರೆ ಮೇಷ್ಟ್ರ ಹತ್ತಿರ ಕಲಿತು ಕಾಲು ಮುರಿದುಕೊಂಡಿತು ಎಂದೂ ಸೇರಿಸುತ್ತಾನೆ.

ನಾನು ಅವನ ಮಗಳು ಸಬಿನ್. ಇದೇ ವಾಲ್‌ಸೆರ್ ಊರಿನ ಗಸ್ತಿನ ತಂಡದಲ್ಲಿದ್ದೇನೆ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬೆಟ್ಟ ಹತ್ತಿ, ಹಿಮ ಕುಸಿಯಬಹುದಾದ ಕಡೆ ಹಗ್ಗ ಕಟ್ಟುವುದು ನನ್ನ ಕೆಲಸ. ಆ ಹಗ್ಗದ ಕೆಳಗೆ ನುಸುಳುವುದು ನಮ್ಮಪ್ಪನ ಕೆಲಸ. ಹೀಗೆ ಮನೆಯಲ್ಲಿ ಯಾರೂ ಖಾಲಿ ಕೂತಿಲ್ಲ.

ತಮಾಷೆಯೆಂದರೆ, ಪ್ರವಾಸಿಗಳಿಗೆ ಪ್ರತಿ ಭಾನುವಾರ ಸಂಜೆ ಸುರಕ್ಷತೆಯ ಪಾಠ ಹೇಳುವವನೂ ಅವನೇ. ಬಿಸಿ ವೈನ್ ಬಿಟ್ಟಿ ಸಿಗುವುದರಿಂದ ಸಭಾಂಗಣ ತುಂಬಿರುತ್ತದೆ. ಅಪ್ಪ ಕೆಂಪು ಜಾಕೆಟ್ ಹಾಕಿಕೊಂಡು, ಎದೆಗೆ ಕಟ್ಟಿಕೊಳ್ಳುವ ಸಿಗ್ನಲ್ ಡಬ್ಬಿಯನ್ನು ಎತ್ತಿ ತೋರಿಸುತ್ತಾನೆ. “ಇದು ಇಲ್ದೆ ಹಗ್ಗದಾಚೆ ಹೋಗೋನು ಹೆಡ್ಡ. ನೀವು ಹಿಮದಡಿ ಹೂತುಹೋದ್ರೆ ಇದು ಕೂಗ್ತಾ ಇರುತ್ತೆ, ಮೇಲಿರೋರು ಅವರವರ ಡಬ್ಬೀಲಿ ಕೇಳಿಸ್ಕೊಂಡು ಬಂದು ಅಗೀತಾರೆ. ಆದ್ರೆ ಡಬ್ಬಿ ತೆಗೆಯೋಕೆ ಮುಂಚೆ ಕಣ್ಣು ಬಿಟ್ಟು ನೋಡಿ. ಟೋಪಿ, ಕೈಗವಸು, ಸ್ಕೀ ತುದಿ, ಏನಾದ್ರೂ ಮೇಲೆ ಕಾಣುತ್ತಾ ಅಂತ. ಮೊದಲು ಕಣ್ಣು, ಆಮೇಲೆ ಡಬ್ಬಿ.” ನಾನು ಚಿಕ್ಕಂದಿನಿಂದ ಇದನ್ನು ಕೇಳುತ್ತಾ ಬಂದಿದ್ದೇನೆ. ಚೆನ್ನಾಗಿಯೇ ಹೇಳುತ್ತಾನೆ, ಹಾಳಾದವನು.

ಆ ಫೆಬ್ರವರಿಯ ಶಾಲಾ ರಜೆಯಲ್ಲಿ ಮದಾಮ್ ವಾಂಡಾಲ್ ಎಂಬಾಕೆ ಬಂದಿದ್ದರು. ಬಯಲು ಸೀಮೆ ಲೀಲ್‌ನವರು, ಅಲ್ಲಿನ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಮೈಮೇಲೆ ನಿಂಬೆಹಣ್ಣಿನ ಬಣ್ಣದ ಜಾಕೆಟ್. ನಿಂತಲ್ಲೇ ಬೀಳುತ್ತಿದ್ದರು, ಬಿದ್ದಲ್ಲಿಂದಲೇ ಪ್ರಶ್ನೆ ಕೇಳುತ್ತಿದ್ದರು. ಎರಡು ವಾರ ಇರುತ್ತಾರೆ ಎಂದು ತಿಳಿದ ದಿನ ಅಪ್ಪ ರಾತ್ರಿಯ ಸಾರು ಪೂರ್ತಿ ಕುಡಿಯಲಿಲ್ಲ.

ನಮ್ಮೂರಿನಲ್ಲಿ ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್‌ನ ಬಾಗಿಲಲ್ಲಿ ಒಂದು ಕಂಬವಿದೆ. ಎದೆಯ ಡಬ್ಬಿ ಚಾಲೂ ಇದ್ದರೆ ಅದರಲ್ಲಿ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ಪ್ರವಾಸಿಗಳೆಲ್ಲ ಅದರ ಮುಂದೆ ಸಾಲಾಗಿ ಹೋಗುತ್ತಾರೆ. ಊರಿನವರಿಗೆ ಮಾತ್ರ ಪಕ್ಕದಲ್ಲಿ ಒಂದು ಪುಟ್ಟ ಬಾಗಿಲು. ಊರಿನವನು ಕಂಬದ ಮುಂದೆ ನಿಂತರೆ ಆ ವಾರವಿಡೀ ಬೇಕರಿಯಲ್ಲಿ ಅದೇ ಮಾತು. ಹೋದ ವರ್ಷ ನಮ್ಮ ಅಂಚೆಯವನು ಮರೆತು ಹಾಗೆ ನಿಂತದ್ದಕ್ಕೆ, ಅವನನ್ನು ಇವತ್ತಿಗೂ ‘ಪ್ಯಾರಿಸ್ ಸಾಹೇಬ್ರು’ ಎಂದೇ ಕರೆಯುತ್ತಾರೆ.

ಬುಧವಾರ ಅಪ್ಪ ತನ್ನ ಗುಂಪಿಗೆ ಡಬ್ಬಿ ಹುಡುಕುವ ಅಭ್ಯಾಸ ಮಾಡಿಸಿದ. ಅದಕ್ಕೆಂದೇ ವೆರ್ನೆ ಇಳಿಜಾರಿನ ಬುಡದಲ್ಲಿ, ಹೋಟೆಲಿನ ಎದುರು ಬೇಲಿ ಹಾಕಿದ ಮೈದಾನವಿದೆ. ಇಳಿಜಾರಿನ ಬುಡದಲ್ಲಿ ಬೇಡ ಎಂದು ನಮ್ಮ ಗಸ್ತಿನ ಮುಖ್ಯಸ್ಥ ಗಾಸ್ಪಾರ್ ಗೋಗರೆದಿದ್ದ. ಆದರೆ ಅಡುಗೆಮನೆ ಅಲ್ಲಿಂದ ಹತ್ತಿರ. ಅಪ್ಪನ ಸುರಕ್ಷತೆಯ ಲೆಕ್ಕಾಚಾರದಲ್ಲಿ ಊಟಕ್ಕೆ ಯಾವಾಗಲೂ ಮೊದಲ ಸ್ಥಾನ.

ಮೈದಾನದಲ್ಲಿ ಹೂತಿಡುವ ಡಬ್ಬಿಗಳಲ್ಲಿ ಒಂದು ಆವತ್ತು ಕೆಟ್ಟಿತ್ತು. ಅಪ್ಪ ಎದೆಯಿಂದ ತನ್ನದನ್ನೇ ಬಿಚ್ಚಿ, ಬ್ರೆಡ್ಡಿನ ಚೀಲದಲ್ಲಿ ಸುತ್ತಿ ಹೂತಿಟ್ಟ. ಅದನ್ನು ಹುಡುಕುವ ಸರದಿ ಮದಾಮ್ ಅವರದು. ಅವರು ಸುತ್ತಿದರು, ಬಿದ್ದರು, ಎದ್ದರು, ಮತ್ತೆ ಸುತ್ತಿದರು. ಅಷ್ಟರಲ್ಲಿ ಆಲೂಗಡ್ಡೆಯ ಮೇಲೆ ಚೀಸ್ ಕರಗಿ ಕಂದು ಬಣ್ಣಕ್ಕೆ ತಿರುಗಿದೆ ಎಂದು ಹೋಟೆಲಿನವರು ಕೂಗಿದರು.

“ಮೇಷ್ಟ್ರೇ, ಅದು ಇನ್ನೂ ಒಳಗೇ ಇದೆ,” ಎಂದರು ಮದಾಮ್.

“ಬಿಡಿ ಮೇಡಂ, ಹಿಮ ಎಲ್ಲೂ ಓಡಿಹೋಗಲ್ಲ. ಚೀಸ್ ಆರಿಹೋಗುತ್ತೆ.”

ಊಟವಾದ ಮೇಲೆ ಅವನಿಗೆ ನೆನಪಿದ್ದದ್ದು ನಿದ್ದೆಯೊಂದೇ.

ರಾತ್ರಿಯೆಲ್ಲ ಹಿಮ ಬಿತ್ತು, ಜೊತೆಗೆ ಗಾಳಿ ಬೀಸಿತು. ಗುರುವಾರ ಬೆಳಗ್ಗೆ ವೆರ್ನೆಯ ನೆತ್ತಿಯಲ್ಲಿ ಗಾಳಿ ತಂದು ಗುಡ್ಡೆ ಹಾಕಿದ ಹಿಮ ನೋಡಿದರೇ ಸಾಕು, ಕುಸಿಯುತ್ತದೆಂದು ತಿಳಿಯುತ್ತಿತ್ತು. ನಾನು ಉದ್ದಕ್ಕೂ ಹಗ್ಗ ಕಟ್ಟಿದೆ, ಕಪ್ಪು ಹಳದಿ ಬಾವುಟ ನೆಟ್ಟೆ. ಕೊನೆಯ ಗಂಟು ಹಾಕುವಾಗ ಅಪ್ಪ ಬಂದ. ಪುಟ್ಟ ಬಾಗಿಲಿಂದ ಬಂದವನೆಂದು ಬೇರೆ ಹೇಳಬೇಕಿಲ್ಲ.

“ಏನೇ, ಬೆಟ್ಟಾನ ಕಟ್ಟಿಹಾಕ್ತಿದೀಯಾ?”

“ಬೆಟ್ಟನಲ್ಲ, ನಿನ್ನನ್ನ. ಅಪ್ಪಾ, ಇವತ್ತು ಬೇಡ. ಕಾಲಡಿ ಟೊಳ್ಳು ಸದ್ದು ಬರ್ತಿದೆ.”

“ನನ್ನ ಮುಂದೆ ಹುಟ್ಟಿದ ಹಿಮ ಕಣೇ ಇದು. ನಂಗೇ ಸದ್ದು ಮಾಡುತ್ತಾ?”

“ಡಬ್ಬಿ ಆದ್ರೂ ಇದೆಯಾ?”

ಅಪ್ಪ ಎದೆಯನ್ನು ಎರಡು ಸಲ ತಟ್ಟಿಕೊಂಡ. ಸುಳ್ಳು ಹೇಳಲಿಲ್ಲ ಅವನು. ಅಷ್ಟು ವರ್ಷ ಡಬ್ಬಿ ಹೊತ್ತ ಎದೆ, ಖಾಲಿಯಿದ್ದರೂ ಇದೆ ಎಂದೇ ತಿಳಿದಿತ್ತು. ನಾನು ಇನ್ನೊಂದು ಮಾತು ಆಡುವಷ್ಟರಲ್ಲಿ ಹಗ್ಗ ಎತ್ತಿ ನುಸುಳಿದ.

ನಾಲ್ಕು ತಿರುವು ತೆಗೆದುಕೊಂಡ. ಒಪ್ಪಿಕೊಳ್ಳಬೇಕು, ಬಲು ಚೆಂದದ ತಿರುವುಗಳು. ಐದನೆಯದಕ್ಕೆ ನನ್ನ ಮುಂದೆಯೇ ಇಳಿಜಾರಿನಲ್ಲಿ ಅಡ್ಡಕ್ಕೆ ಒಂದು ಬಿರುಕು ಓಡಿತು. ಇಡೀ ಬೆಟ್ಟದ ಮೈ ಕಳಚಿ ಕೆಳಗೆ ಹೊರಟಿತು. ಅಪ್ಪನ ಕೆಂಪು ಜಾಕೆಟ್ ಒಮ್ಮೆ ಮೇಲೆ ಬಂತು, ಇನ್ನೊಮ್ಮೆ ಬಂತು, ಆಮೇಲೆ ಬರಲಿಲ್ಲ. ಹಿಮ ಮೇಷ್ಟ್ರಿಗೆ ದಾರಿ ಬಿಡಲಿಲ್ಲ.

ರೇಡಿಯೋದಲ್ಲಿ ಗಾಸ್ಪಾರ್‌ಗೆ ಕೂಗಿ ಹೇಳಿ, ಬರಿದಾದ ಇಳಿಜಾರಿನಲ್ಲೇ ಇಳಿದೆ. ಹಿಮದಡಿಯವನಿಗೆ ಉಸಿರು ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ನಾನು ಜನಕ್ಕೆ ಕಲಿಸುತ್ತೇನೆ. ಕಾಲು ಗಂಟೆ, ಅದೃಷ್ಟವಿದ್ದರೆ. ಆ ಕಾಲು ಗಂಟೆ ಈಗ ನಮ್ಮಪ್ಪನದಾಗಿತ್ತು.

ಕುಸಿದ ಹಿಮ ಹೋಟೆಲಿನ ಎದುರಿನವರೆಗೂ ಬಂದು ನಿಂತಿತ್ತು. ಮೈದಾನದ ಬೇಲಿ ಎಲ್ಲಿತ್ತೆಂದೇ ತಿಳಿಯುತ್ತಿರಲಿಲ್ಲ. ಎಲ್ಲವೂ ಒಂದೇ ರಾಶಿ. ಹೋಟೆಲಿನ ಮೆಟ್ಟಿಲ ಮೇಲೆ ನಿಂಬೆಹಣ್ಣಿನ ಜಾಕೆಟ್ ಒಂದು ನಿಂತಿತ್ತು. ನಿನ್ನೆ ಸಿಗದ ಡಬ್ಬಿಯನ್ನು ಇವತ್ತು ಹುಡುಕಿಯೇ ತೀರುತ್ತೇನೆಂದು ಆಕೆ ತಿಂಡಿ ಮುಗಿಸಿ ಒಬ್ಬರೇ ಹೊರಟಿದ್ದರಂತೆ; ಕೆಂಪು ಜಾಕೆಟ್ ಮುಳುಗಿದ್ದನ್ನು ಅಲ್ಲಿಂದಲೇ ಕಂಡಿದ್ದರು.

ನನ್ನ ಎದೆಯ ಡಬ್ಬಿ ಕೂಗುವುದನ್ನು ನಿಲ್ಲಿಸಿ ಬೇರೆ ಡಬ್ಬಿಯ ಕೂಗು ಹುಡುಕುವಂತೆ ಬದಲಾಯಿಸಿದೆ. ತಕ್ಷಣ ಸಿಕ್ಕಿತು ಸಿಗ್ನಲ್. ಸ್ಪಷ್ಟವಾಗಿ, ಗಟ್ಟಿಯಾಗಿ. ದೇವರೇ, ಡಬ್ಬಿ ಹಾಕಿಕೊಂಡಿದ್ದಾನೆ ಎಂದು ಅಳು ಬಂತು. ಡಬ್ಬಿಯ ಮೇಲಿನ ಬಾಣದ ಗುರುತು ತೋರಿಸಿದ ಕಡೆ ಓಡಿದೆ. ಮದಾಮ್ ಹಿಂದೆಯೇ ಎಡವುತ್ತಾ ಬಂದರು.

“ಮೇಡಂ, ಹಿಂದೆ ಹೋಗಿ.”

“ಅಲ್ಲ ಕೇಳಿ, ಅದು ಅವರ ಡಬ್ಬಿ, ಅವರಲ್ಲ.”

“ಅವನ ಡಬ್ಬಿ ಇರೋ ಕಡೇನೇ ಅವನಿರ್ತಾನೆ. ದಾರಿ ಬಿಡಿ.”

“ಅದನ್ನ ನಿನ್ನೆ ನಾನು...”

“ದಾರಿ ಬಿಡ್ರೀ.”

ನಾನೂ ಆನ್ಸೆಲ್ಮ್ ಮೇಷ್ಟ್ರ ಮಗಳೇ ತಾನೆ. ಬೀಳುವವರ ಮಾತು ಕೇಳುವುದು ನಮ್ಮ ರಕ್ತದಲ್ಲಿಲ್ಲ. ಆಕೆ ನನ್ನನ್ನು ಒಂದು ಗಳಿಗೆ ನೋಡಿದರು. ತರಗತಿಯ ಹಿಂದಿನ ಬೆಂಚನ್ನು ನೋಡುವ ನೋಟ ಅದು. ಆಮೇಲೆ ತಿರುಗಿ ರಾಶಿಯ ಮೇಲಕ್ಕೆ ಹೊರಟುಹೋದರು.

ಗಾಸ್ಪಾರ್ ಬಂದು ಸೇರಿಕೊಂಡ. ಇಬ್ಬರೂ ಸಲಿಕೆ ಹಿಡಿದು ಹುಚ್ಚು ಹಿಡಿದವರಂತೆ ಅಗೆದೆವು. ಬೇಲಿಯ ಮುರಿದ ಗೂಟ ಸಿಕ್ಕಿತು. ಅದರ ಕೆಳಗೆ ಕಾಗದದ ಬ್ರೆಡ್ ಚೀಲ. ಅದರೊಳಗೆ ಕೆಂಪು ಬಣ್ಣದಲ್ಲಿ ‘ಆನ್ಸೆಲ್ಮ್’ ಎಂದು ಬರೆದ ಡಬ್ಬಿ, ತನ್ನ ಪಾಡಿಗೆ ದೀಪ ಮಿಣುಕಿಸುತ್ತಾ, ಪೂರ್ತಿ ಆರೋಗ್ಯವಾಗಿತ್ತು.

ಗಾಸ್ಪಾರ್ ನನ್ನ ಮುಖ ನೋಡಲಿಲ್ಲ. “ಮೂಸಿ ಹುಡುಕೋ ನಾಯಿ ಹೊರಟಿದೆಯಂತೆ, ಆಚೆ ಕಣಿವೆಯಿಂದ,” ಎಂದ. ಆಚೆ ಕಣಿವೆ ಎಷ್ಟು ದೂರವೆಂದು ಇಬ್ಬರಿಗೂ ಗೊತ್ತಿತ್ತು. ಅಪ್ಪನ ಮೇಲೆ ಇಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ, ಅವನು ಬೇಕು ಎಂದು ಇಷ್ಟು ಯಾವತ್ತೂ ಅನಿಸಿರಲಿಲ್ಲ.

ಆಗ ಮೇಲಿನಿಂದ ದನಿ ಬಂತು. ಕೂಗಲ್ಲ, ಹಾಜರಿ ಕರೆಯುವ ದನಿ.

“ಇಲ್ಲೊಂದು ಕೈಗವಸು ಇದೆ.” ಅದನ್ನು ಹಿಡಿದೆಳೆದು ನೋಡಿ, “ಒಳಗೆ ಕೈಯೂ ಇದೆ.”

ಆಕೆ ರಾಶಿಯ ಮೇಲೆ ಬಗ್ಗಿಕೊಂಡು, ನೆಲಕ್ಕೆ ಬಿದ್ದ ಸೂಜಿ ಹುಡುಕುವವರ ಹಾಗೆ ಅತ್ತಿಂದಿತ್ತ ನಡೆದು ಬಂದಿದ್ದರು. ಭಾನುವಾರ ಹೇಳಿಕೊಟ್ಟದ್ದನ್ನು ಬಿಟ್ಟಿ ವೈನಿನ ನಡುವೆಯೂ ಕೇಳಿಸಿಕೊಂಡಿದ್ದವರು ಇಡೀ ಸಭಾಂಗಣದಲ್ಲಿ ಆಕೆಯೊಬ್ಬರೇ ಇರಬೇಕು.

ಮೂವರೂ ಸೇರಿ ಅಗೆದೆವು. ಮದಾಮ್ ಕೈಯಲ್ಲೇ ಬಗೆದರು. ಮೊದಲು ಹಣೆ ಕಂಡಿತು, ಆಮೇಲೆ ನೀಲಿಗಟ್ಟಿದ ತುಟಿ. ಗಾಸ್ಪಾರ್ ಬಾಯೊಳಗಿನ ಹಿಮ ತೆಗೆದ. ನಾನು “ಅಪ್ಪಾ, ಅಪ್ಪಾ” ಎನ್ನುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ ಎಂದು ಗಾಸ್ಪಾರ್ ಈಗಲೂ ಹೇಳುತ್ತಾನೆ. ಒಂದು ಕೆಮ್ಮು ಬಂತು. ಅದರ ಹಿಂದೆ ಉಸಿರು ಬಂತು.

ಬಹಳ ಹೊತ್ತಿನ ಮೇಲೆ ಅಪ್ಪ ಕಣ್ಣು ತೆರೆದ.

“ಯಾರು ಹುಡುಕಿದ್ದು?”

“ಮೇಡಂ,” ಎಂದೆ.

ಅಪ್ಪ ನಿಂಬೆಹಣ್ಣಿನ ಜಾಕೆಟ್ ನೋಡಿದ. ಕಣ್ಣು ಮತ್ತೆ ಮುಚ್ಚಿಕೊಂಡ.

“ಹಾಗಾದ್ರೆ ಮತ್ತೆ ಮುಚ್ಚಿಬಿಡಿ.”

ನಾನು ನಗುತ್ತಾ ಅವನ ಕೆನ್ನೆಗೆ ಒಂದು ಕೊಟ್ಟೆ. ಹೆಲಿಕಾಪ್ಟರಿನವರು ಆಮೇಲೆ ಆ ಕೆಂಪು ಗುರುತನ್ನೂ ಹಿಮದ ಪೆಟ್ಟು ಎಂದೇ ತಿಳಿದರು.

ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು, ತೋಳು ಜೋಲಿಯಲ್ಲಿತ್ತು. ಆದರೂ ಭಾನುವಾರದ ಪಾಠ ತಾನೇ ಮಾಡುತ್ತೇನೆಂದು ಹಟ ಹಿಡಿದ. ಹೊಸ ಪ್ರವಾಸಿಗಳು, ಅದೇ ವೈನ್. ಮುಂದಿನ ಸಾಲಿನಲ್ಲಿ ಮದಾಮ್. ಪಕ್ಕದ ಕಣಿವೆಯಲ್ಲಿ ಹೀಗೊಬ್ಬ ಮುದಿ ಹೆಡ್ಡ ಇದ್ದ, ಡಬ್ಬಿ ಒಂದು ಕಡೆ, ತಾನು ಒಂದು ಕಡೆ ಹೂತುಹೋಗಿದ್ದ ಎಂದು ಅಪ್ಪ ಕಥೆ ಹೇಳಿದ. ನಮ್ಮೂರಿನವರು ಹಿಂದೆ ನಿಂತು ಬೂಟು ನೋಡಿಕೊಂಡರು.

“ಆದ್ದರಿಂದ, ಮೊದಲು ಏನು?” ಎಂದು ಕೇಳಿದ.

“ಕಣ್ಣು,” ಎಂದರು ಮದಾಮ್.

“ಯಾಕೆ?”

“ಡಬ್ಬಿ ಊಟಕ್ಕೆ ಹೋಗಿರಬಹುದು, ಮೇಷ್ಟ್ರೇ.”

ಹೊಸಬರಿಗೆ ಅರ್ಥವಾಗಲಿಲ್ಲ. ಊರಿನವರು ತಡೆಯಲಾರದೆ ನಕ್ಕರು. ಅಪ್ಪನೂ ನಗಲು ಹೋಗಿ ಪಕ್ಕೆ ಹಿಡಿದುಕೊಂಡ. ನನಗೆ ಮಾತ್ರ ನಗು ಬರಲಿಲ್ಲ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಅಗೆದು ತೆಗೆದ ಆ ಚೀಲ ಕಣ್ಣ ಮುಂದೆಯೇ ಇತ್ತು.

ಮಾರ್ಚ್ ಕೊನೆಗೆ ಪಕ್ಕೆ ಕೂಡಿಕೊಂಡಿತು. ಒಂದು ಬೆಳಗ್ಗೆ ನಾನು ಲಿಫ್ಟ್ ಬಾಗಿಲಲ್ಲಿ ಕಾವಲಿದ್ದೆ. ಪ್ರವಾಸಿಗಳ ಸಾಲಿನ ನಡುವೆ ಕೆಂಪು ಜಾಕೆಟ್ ಕಂಡಿತು. ಅಂಚೆಯವನು ಪುಟ್ಟ ಬಾಗಿಲಲ್ಲಿ ನಿಂತು, “ಏನು ಪ್ಯಾರಿಸ್ ಸಾಹೇಬ್ರೇ, ಸೌಖ್ಯವೇ?” ಎಂದು ಆಸೆ ತೀರುವಷ್ಟು ಕೂಗಿದ. ಅಪ್ಪ ಕೇಳಿಸದವನ ಹಾಗೆ ಕಂಬದ ಮುಂದೆ ಬಂದ. ಹಸಿರು ದೀಪ ಹತ್ತಿತು.

“ಕಂಬ ಸರಿಯಾಗಿದೆಯಾ ಅಂತ ನೋಡ್ದೆ, ಅಷ್ಟೇ,” ಎನ್ನುತ್ತಾ ಎದೆಯನ್ನು ಎರಡು ಸಲ ತಟ್ಟಿಕೊಂಡ.

ಈ ಸಲ ನಾನು ನಂಬಲಿಲ್ಲ. ಅಷ್ಟು ಜನರ ಮುಂದೆಯೇ ಜಾಕೆಟ್ಟಿನ ಜಿಪ್ ಎಳೆದು ಒಳಗೆ ಕೈ ಹಾಕಿದೆ. ಡಬ್ಬಿ ಕೈಗೆ ಸಿಕ್ಕಿತು. ಅದರ ಕೆಳಗೆ ಅವನ ಎದೆ ಬಡಿದುಕೊಳ್ಳುತ್ತಿತ್ತು. ಕೈ ತೆಗೆಯದೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡೆ. ಎರಡೂ ಸರಿಯಾಗಿ ಕೆಲಸ ಮಾಡುತ್ತಿದ್ದವು.