ಬಶಾರತನ ಮೊಣಕೈ

"ಹಿಡ್ಕೊಳ್ಳಿ ಡಾಕ್ಟರ್ ಸಾಹೇಬ್ರೇ, ಸತ್ತೋರು ಕಚ್ಚಲ್ಲ," ಎಂದು ನಿಯಾಮತ್ ತನ್ನ ಅಣ್ಣ ಬಶಾರತನ ಬಲಗೈಯನ್ನು ಡಾಕ್ಟರ್ ಫರ್ಹತರ ಕೈಗೆ ಕೊಟ್ಟು, ತಾನು ತಂಬಿಗೆಯಿಂದ ನೀರು ಹೊಯ್ದ.

ಶವಸ್ನಾನಕ್ಕೆ ಮನೆಯವರಷ್ಟೇ ಇರುವುದು ವಾಡಿಕೆ. ನಿಯಾಮತ್ ಬೇಕೆಂದೇ ಅವರನ್ನು ಒಳಗೆ ಕರೆದಿದ್ದ. ಫರ್ಹತ್ ಅಂದರೆ ಲಾಹೋರಿನ ಕ್ರಿಕೆಟ್ ಬೌಲರುಗಳ ಕೈ ಅಳೆದು ತೀರ್ಪು ಕೊಡುತ್ತಿದ್ದ ದೊಡ್ಡ ಮನುಷ್ಯ.

"ನೆಟ್ಟಗೆ ಮಾಡಿ."

ಫರ್ಹತ್ ಮೆಲ್ಲಗೆ ಒತ್ತಿದರು. ಮೊಣಕೈ ಬಾಗಿಯೇ ಇತ್ತು.

"ಹೆಣ ಸೆಟೆದಿರುತ್ತೆ, ನಿಯಾಮತ್."

"ಹಂಗಾದ್ರೆ ಆ ಕೈ ನೋಡಿ."

ಎಡಗೈ ಮೆತ್ತಗೆ ಚಾಚಿಕೊಂಡಿತು.

*

ಬಶಾರತ್ ಆಗ ಮೀಸೆ ಚಿಗುರಿದ ಸ್ಪಿನ್ನರ್. ಅವನ ಭುಜ, ಮೊಣಕೈ, ಮಣಿಕಟ್ಟಿಗೆ ಹೊಳೆಯುವ ಗುಂಡಿ ಅಂಟಿಸಿ ಬೌಲ್ ಮಾಡಿಸಿದರು. ಕ್ಯಾಮೆರಾದ ಪರದೆಯ ಮೇಲೆ ಭುಜದಿಂದ ಮೊಣಕೈಗೊಂದು ಗೆರೆ, ಅಲ್ಲಿಂದ ಮಣಿಕಟ್ಟಿಗೊಂದು ಗೆರೆ. ಚೆಂಡು ಬಿಡುವಾಗ ನಡುವಿನ ಕೋನ ಹದಿನೈದು ಡಿಗ್ರಿಗಿಂತ ಹೆಚ್ಚು ಬಿಚ್ಚಿಕೊಂಡರೆ ಅದು ಬೌಲಿಂಗ್ ಅಲ್ಲ, ಕಲ್ಲೆಸೆದ ಹಾಗೆ; ಆಟದಲ್ಲಿ ಅದಕ್ಕೆ ಜಾಗವಿಲ್ಲ. ಆ ದಿನ ಒಂದು ಕ್ಯಾಮೆರಾ ಕೆಟ್ಟಿತ್ತು. ಫರ್ಹತ್ ಇನ್ನೊಂದರಲ್ಲೇ ಲೆಕ್ಕ ಮುಗಿಸಿದರು. ಕುಡುಗೋಲನ್ನು ಅಡ್ಡ ತಿರುಗಿಸಿ ನೋಡಿದರೆ ಕಡ್ಡಿಯ ಹಾಗೆ ಕಾಣುವುದಿಲ್ಲವೇ? ತಿರುಗುವ ಸೊಟ್ಟ ಕೈಯೂ ಹಾಗೇ ಒಂದು ಗಳಿಗೆ ನೆಟ್ಟಗೆ ಕಂಡಿತು. ಬಾಗಿದ್ದ ಮೊಣಕೈ ಚೆಂಡು ಬಿಡುವಾಗ ಬಿಚ್ಚಿಕೊಂಡಿತೆಂದೇ ಫರ್ಹತ್ ಬರೆದುಕೊಂಡರು.

"ಸಾಹೇಬ್ರೇ, ಇದು ಹುಟ್ಟಿದಾಗಿಂದ ಸೊಟ್ಟ. ಒಂದ್ಸಲ ಹಿಡಿದು ನೋಡಿ."

"ಕೈ ಹಿಡಿಯೋದು ಹಕೀಮರ ಕೆಲಸ ಕಣೋ. ಪರದೆ ಸುಳ್ಳು ಹೇಳಲ್ಲ."

ಅಲ್ಲಿಗೆ ಆಟ ಮುಗಿಯಿತು. ಸಾಯುವವರೆಗೂ ಅವನು ತಾನು ಆಡುತ್ತಿದ್ದ ಮೈದಾನದ ಗೇಟಿನಲ್ಲಿ ಕಬ್ಬಿನ ತುಂಡು ಮಾರಿದ. ಆಡಲು ಬಂದ ಹುಡುಗರು 'ಕಲ್ಲೆಸೆಯೋ ಚಾಚಾ' ಎಂದು ಕೂಗಿದರು. ಊರ ಬಾಯಿಗೆ ಬೀಗ ಹಾಕುವವರು ಯಾರು?

*

ಹೆಣಕ್ಕೆ ಕಫನ್ ಬಟ್ಟೆ ಸುತ್ತುವಾಗ ಫರ್ಹತ್ ಬೆವರು ಒರೆಸಿಕೊಂಡರು. "ನನ್ನಿಂದ ತಪ್ಪಾಗೋಯ್ತು."

"ನನ್ನ ಹತ್ರ ಬೇಡ. ನಮಾಜಿಗೆ ನಿಂತಾಗ ಎಲ್ರ ಮುಂದೆ ಹೇಳಿ. ಆ ಕೆಟ್ಟ ಹೆಸರೂ ಅವನ ಜೊತೆ ಮಣ್ಣಾಗ್ಲಿ."

"ಹೇಳ್ತೀನಿ."

ಮೈದಾನದಲ್ಲಿ ಸಾಲು ನಿಂತಿತು. ಹಳೆಯ ಆಟಗಾರರು, ಫರ್ಹತರ ಶಿಷ್ಯರು ಎಲ್ಲರೂ ಬಂದಿದ್ದರು. ನಮಾಜಿಗೆ ಮುಂಚೆ ಮನೆಯವರು ಕೇಳಬೇಕಾದ ಮಾತನ್ನು ನಿಯಾಮತ್ ಕೇಳಿದ.

"ನಮ್ಮಣ್ಣನಿಂದ ಯಾರಿಗಾದ್ರೂ ನೋವಾಗಿದ್ರೆ ಮಾಫ್ ಮಾಡಿ. ಅವನ ವಿಷ್ಯ ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳಿ."

ಹೇಳಿ, ಮುಂದಿನ ಸಾಲಿನಲ್ಲಿದ್ದ ಫರ್ಹತರನ್ನೇ ನೋಡಿದ.

ಫರ್ಹತ್ ಗಂಟಲು ಸರಿಮಾಡಿಕೊಂಡರು. ಪಕ್ಕದಲ್ಲಿದ್ದ ಶಿಷ್ಯ ಗೌರವದಿಂದ ಅವರತ್ತ ತಿರುಗಿದ.

"ನಾನು ಮಾಫ್ ಮಾಡಿದೆ," ಎಂದರು.

"ಎಂಥಾ ದೊಡ್ಡ ಮನಸ್ಸು!" ಎಂದು ಹಿಂದಿನಿಂದ ಯಾರೋ ಅಂದರು. "ನಾವೂ ಮಾಫ್ ಮಾಡಿದ್ವಿ," ಎಂದು ಸಾಲುಸಾಲೇ ದನಿಗೂಡಿಸಿತು.

ಇಮಾಮರು 'ಅಲ್ಲಾಹು ಅಕ್ಬರ್' ಎಂದು ತಕ್ಬೀರ್ ಹೇಳಿದರು. ಎಲ್ಲರ ಕೈಗಳೂ ಕಿವಿಯವರೆಗೆ ಎದ್ದವು. ನಿಯಾಮತನ ಕೈ ಏಳಲಿಲ್ಲ.